ಮಾವನವರ ಫ್ಯಾನು

ಹೊಳೆಯ ನಟ್ಟನಡುವೆ ಎಂಜಿನ್ನು ಗಂಟಲು ಹರಿದುಕೊಂಡು ಕೂಗುತ್ತಿತ್ತು. ದೋಣಿ ಮಾತ್ರ ಆ ಕೂಗಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ತೆವಳುತ್ತಿತ್ತು. ಸೊಸೆ ಹಿಡಿಕೆಯನ್ನು ಇನ್ನೊಂದು ಚೂರು ತಿರುಗಿಸಿದಳು. ನಡುಕ ಹಿಡಿಕೆಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ, ಅಲ್ಲಿಂದ ನೇರ ದವಡೆಗೆ ಏರಿತು. ಮುಂದೆ ಕುಳಿತ ಹನ್ನೊಂದು ಜನರಲ್ಲಿ ಒಬ್ಬರಾದ ನಿವೃತ್ತ ಮೇಷ್ಟ್ರು ಕನ್ನಡಕ ಕಳಚಿ ಜೇಬಿಗೆ ಹಾಕಿಕೊಂಡರು. ಅದು ಮೂಗಿನ ಮೇಲೆ ಕುಣಿದು ಕುಣಿದು ಹೊಳೆಗೆ ಹಾರುವ ತನಕ ಕಾಯುವಷ್ಟು ತಾಳ್ಮೆ ಅವರಿಗಿರಲಿಲ್ಲ.

ಆಸ್ಪತ್ರೆಯ ನರ್ಸಮ್ಮ ಮೂರನೆಯ ಸಲ ಗಡಿಯಾರ ನೋಡಿಕೊಂಡು, "ನಿನ್ನೆ ತಾನೆ ನಿಮ್ಮ ಮಾವ ರಿಪೇರಿ ಮಾಡಿಕೊಟ್ರು ಅಂದೆ?" ಎಂದಳು.

"ಅದಕ್ಕೇ ಹೀಗೆ" ಎಂದಳು ಸೊಸೆ.

ಎಂಜಿನ್ನಿನ ಬುಡದಲ್ಲಿ ನೀರೊಳಗೆ ತಿರುಗುವ ಪ್ರೊಪೆಲ್ಲರನ್ನು ದಡದವರೆಲ್ಲ ಫ್ಯಾನು ಎಂದೇ ಕರೆಯುತ್ತಿದ್ದರು. ಬಿಚ್ಚಿದ ಅಂಗೈಯಷ್ಟು ಅಗಲದ ಮೂರು ರೆಕ್ಕೆಗಳ ಫ್ಯಾನು ಅದು. ಆ ಹೊಳೆಯಲ್ಲಿ ನೀರು ಇಳಿದಾಗಲೆಲ್ಲ ಮರಳು, ಕಲ್ಲು, ಯಾರೋ ಎಸೆದ ಸೈಕಲ್ಲಿನ ರಿಮ್ಮು ಎಲ್ಲವೂ ಮೇಲೆ ಬಂದು ರೆಕ್ಕೆಗಳನ್ನು ತಿನ್ನುತ್ತಿದ್ದವು. ಎಂಟು ವರ್ಷ ದಿನಕ್ಕೆ ಇಪ್ಪತ್ತು ಸಲ ಹೊಳೆ ದಾಟಿದ ಮೇಲೆ ಅಂಚುಗಳು ಇಲಿ ಕಡಿದ ರೊಟ್ಟಿಯ ಹಾಗೆ ಆಗಿದ್ದವು. ಬೇರೆ ಯಾರದೇ ಮನೆಯಾಗಿದ್ದರೂ ಹಳೆಯದನ್ನು ಗುಜರಿಗೆ ಹಾಕಿ ಹೊಸದು ತರುತ್ತಿದ್ದರು. ಆದರೆ ಇವರ ಮನೆಯಲ್ಲಿ ಮಾವನವರಿದ್ದರು.

ಮಾವನವರು ನೂಲಿನ ಗಿರಣಿಯಲ್ಲಿ ಮೂವತ್ನಾಲ್ಕು ವರ್ಷ ಫಿಟ್ಟರಾಗಿದ್ದವರು. ಅವರು ನಿವೃತ್ತರಾದ ದಿನ ಗಿರಣಿ ಅವರಿಗೊಂದು ಶಾಲು ಹೊದಿಸಿ ಕಳಿಸಿತು. ಆ ಮರುದಿನದಿಂದ ಅವರು ಮನೆಯನ್ನು ರಿಪೇರಿ ಮಾಡಲು ಶುರುಮಾಡಿದರು. ಅವರು ರಿಪೇರಿ ಮಾಡಿದ ಕೊಡೆ ಮನೆಯೊಳಗೆ ಚೆನ್ನಾಗಿ ಬಿಚ್ಚಿಕೊಳ್ಳುತ್ತಿತ್ತು, ಮಳೆ ಕಂಡರೆ ಮುದುಡುತ್ತಿತ್ತು. ಗೋಡೆಯ ಗಡಿಯಾರ ತನಗೆ ಮನಸ್ಸು ಬಂದಾಗ ಹನ್ನೆರಡು ಹೊಡೆಯುತ್ತಿತ್ತು. ಮಿಕ್ಸಿಯನ್ನಂತೂ ಇಬ್ಬರು ಸೇರಿ ನಡೆಸಬೇಕಿತ್ತು. ಒಬ್ಬರು ಗುಂಡಿ ಒತ್ತಬೇಕು, ಇನ್ನೊಬ್ಬರು ಮುಚ್ಚಳದ ಮೇಲೆ ಮೈಭಾರ ಹಾಕಿ ನಿಲ್ಲಬೇಕು. ಅತ್ತೆ ಆ ಭಾರದ ಕೆಲಸವನ್ನು ಬಾಯಿ ಬಿಗಿದುಕೊಂಡು ಮಾಡುತ್ತಿದ್ದರು.

ಫ್ಯಾನಿನ ವಿಷಯದಲ್ಲೂ ಹೀಗೆಯೇ ಆಯಿತು. ಮೊದಲ ಸಲ ಮೂಲೆ ಮುರಿದಾಗ ಮಾವ ಅಡುಗೆಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗ್ಯಾಸು ಹಚ್ಚಿ, ತುಂಡು ಬೆಸೆದು, ಅರದಿಂದ ಉಜ್ಜಿ, ಕಪ್ಪು ಬಣ್ಣ ಬಳಿದು ಕೊಟ್ಟರು. ಎರಡು ವಾರ ಓಡಿತು. ಎರಡನೆಯ ಸಲ ಹತ್ತು ದಿನ. ಐದನೆಯ ರಿಪೇರಿಯ ಹೊತ್ತಿಗೆ ಬೆಂಕಿ ತಿಂದು ತಿಂದು ಮೂರು ರೆಕ್ಕೆಗಳೂ ಮೂರು ಕಡೆ ಸೊಟ್ಟಗಾಗಿ, ಮಾತು ಬಿಟ್ಟ ದಾಯಾದಿಗಳ ಹಾಗೆ ಒಂದೊಂದು ಒಂದೊಂದು ದಿಕ್ಕು ನೋಡುತ್ತಿದ್ದವು. ಸೊಸೆ ಪ್ರತಿ ಸಲವೂ ಸಂಜೆ ಬಂದು, ಶೆಡ್ಡಿನ ಬಾಗಿಲಲ್ಲಿ ನಿಂತು, "ಮಾವ, ಸ್ವಲ್ಪ ನಡುಗುತ್ತೆ" ಎನ್ನುತ್ತಿದ್ದಳು. ಮಾವ ಪ್ರತಿ ಸಲವೂ ಕಾರಣ ಹುಡುಕುತ್ತಿದ್ದರು. ಪೆಟ್ರೋಲಿನಲ್ಲಿ ಕಲಬೆರಕೆ ಇರಬೇಕು ಎಂದರು. ಜನ ಒಂದೇ ಮಗ್ಗುಲಿಗೆ ಕೂರುತ್ತಾರೆ ಎಂದರು. ಕೊನೆಗೆ, ಹಿಡಿಕೆಯನ್ನು ಹಿಡಿಯಬೇಕಾದ ರೀತಿಯೇ ಅದಲ್ಲ ಎಂದು, ಹತ್ತು ವರ್ಷದಿಂದ ದೋಣಿ ನಡೆಸುವ ಸೊಸೆಗೆ ಪೊರಕೆಯ ಕೋಲು ಕೊಟ್ಟು ಹಿಡಿಯುವುದನ್ನು ತೋರಿಸಿಕೊಟ್ಟರು. ಅವಳು ಪೊರಕೆ ಹಿಡಿದು ನಿಂತಳು. ಒಳಗಿಂದ ಅತ್ತೆ ಇಣುಕಿ ನೋಡಿ ಹೊರಟುಹೋದರು.

ಹೊಸದು ತಂದುಬಿಡೋಣ ಎಂದು ಒಮ್ಮೆ ಹೇಳಿಯೂ ನೋಡಿದಳು. ಮಾವ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಜಗಳವಾದರೂ ಆಗಿ ಒಂದು ಇತ್ಯರ್ಥಕ್ಕೆ ಬರುತ್ತಿತ್ತು. ಅವರು ಅರವನ್ನು ಕೆಳಗಿಟ್ಟು, ಮಗುವಿಗೆ ಹೇಳುವವರ ಹಾಗೆ, "ಹೊಸದು ತರೋದು ಕೆಲಸ ಅಲ್ಲ ಕಣಮ್ಮ, ಅದು ಬರೀ ಕೊಳ್ಳೋದು" ಎಂದು ಮತ್ತೆ ಉಜ್ಜಲು ಕುಳಿತರು.

ಗಂಡನಿಗೆ ಹೇಳಿದರೆ ಅದೂ ಅಷ್ಟಕ್ಕಷ್ಟೇ. ಅವನು ದೊಡ್ಡಾಸ್ಪತ್ರೆಯಲ್ಲಿ ಲಿಫ್ಟು ನಡೆಸುವವನು. ದಿನವಿಡೀ ಯಾರು ಯಾವ ಮಹಡಿ ಹೇಳಿದರೆ ಅಲ್ಲಿಗೆ ಒಯ್ದು ಬಿಡುವ ಅಭ್ಯಾಸ ಮನೆಯಲ್ಲೂ ಬಿಟ್ಟಿರಲಿಲ್ಲ. ಹೆಂಡತಿ ಹೇಳಿದಾಗ ಹೌದು ಹೌದು ಎಂದ. ಅಪ್ಪ ಹೇಳಿದಾಗಲೂ ಹೌದು ಹೌದು ಎಂದ. ಇಬ್ಬರೂ ಒಟ್ಟಿಗೆ ಹೇಳಲು ಶುರುಮಾಡಿದಾಗ ಎದ್ದು ಹೋಗಿ ಸ್ನಾನ ಮಾಡಿದ.

ನರ್ಸಮ್ಮ ಗಡಿಯಾರ ನೋಡಿಕೊಂಡದ್ದು ಐದನೆಯ ರಿಪೇರಿಯ ಮರುದಿನ. ಅವತ್ತು ಅವಳ ಪಾಳಿಗೆ ಅರ್ಧ ಗಂಟೆ ತಡವಾಯಿತು. ಸೊಸೆ ಸಂಜೆಯೇ ಫ್ಯಾನನ್ನು ಬಿಚ್ಚಿ ಮಾವನ ಮುಂದಿಟ್ಟಳು. ಅವರು ಮೂರು ದಿನ ಶೆಡ್ಡಿನಿಂದ ಹೊರಗೆ ಬರದೆ ಆರನೆಯ ರಿಪೇರಿ ಮುಗಿಸಿ, ಕಪ್ಪು ಬಣ್ಣ ಒಣಗಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ದಡದ ಮೆಟ್ಟಿಲಿಳಿಯಲಿಲ್ಲ. ನೇರ ಬಸ್ಸು ಹತ್ತಿ ಪೇಟೆಯ ಎಂಜಿನ್ ಅಂಗಡಿಗೆ ಹೋದಳು.

ಅಂಗಡಿಯವನು ರೆಕ್ಕೆಯ ಬುಡವನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟು ಕೇಳಿದ. ಇದು ಕಬ್ಬಿಣವಲ್ಲ, ಅಲ್ಯುಮಿನಿಯಂ. ಇಷ್ಟು ಸಲ ಕಾಯಿಸಿದ ಮೇಲೆ ಇದಕ್ಕೂ ಬಿಸ್ಕತ್ತಿಗೂ ಏನೂ ವ್ಯತ್ಯಾಸವಿಲ್ಲ, ಇದನ್ನು ಹಾಕಿಕೊಂಡು ಜನರನ್ನು ಕೂರಿಸಬೇಡ ಎಂದ. ಸೊಸೆ ಅಲ್ಲೇ ಹೊಸದು ಕೊಂಡಳು. ಅದೂ ಕಪ್ಪು ಬಣ್ಣದ್ದೇ. ಗಿರಣಿಯಲ್ಲಿ ಗೇರುಪೆಟ್ಟಿಗೆ ಬಿದ್ದು ಪೆಟ್ಟಾದ ಎಡ ಮಂಡಿಯಿಂದಾಗಿ ಮಾವನವರು ದಡದ ಮೂವತ್ತೆರಡು ಮೆಟ್ಟಿಲನ್ನು ಇಳಿದು ಮೂರು ವರ್ಷವಾಗಿತ್ತು. ಮೇಲಿನ ಕಲ್ಲುಬೆಂಚಿನ ಮೇಲೆ ಕುಳಿತು ನೋಡಿದರೆ ಕಪ್ಪು ಫ್ಯಾನೂ ಒಂದೇ, ಇನ್ನೊಂದು ಕಪ್ಪು ಫ್ಯಾನೂ ಒಂದೇ. ಅವಳು ಹೊಸದನ್ನು ಹಾಕಿ, ಹಳೆಯದನ್ನು ದೋಣಿಯ ಪೆಟ್ಟಿಗೆಯಲ್ಲಿ ಲೈಫ್ ಜಾಕೆಟ್ಟುಗಳ ಅಡಿಗೆ ತುರುಕಿದಳು.

ಸಂಜೆ ಹೇಳಿಬಿಡಬೇಕು ಎಂದೇ ಅವಳ ಮನಸ್ಸಿನಲ್ಲಿತ್ತು. ಆದರೆ ಅಂದು ದೋಣಿ ಹೊಳೆಯನ್ನು ಕತ್ತರಿ ಬಟ್ಟೆಯನ್ನು ಸೀಳುವ ಹಾಗೆ ಸೀಳಿಕೊಂಡು ಹೋಯಿತು. ಮೇಷ್ಟ್ರು ಕನ್ನಡಕ ಹಾಕಿಕೊಂಡೇ ಪೇಪರು ಓದಿದರು. ಮೇಲಿನ ಬೆಂಚಿನ ಮೇಲೆ ಕುಳಿತಿದ್ದ ಮಾವ ಎಂಜಿನ್ನಿನ ಸದ್ದು ಕೇಳಿ ಎದ್ದು ನಿಂತರು. ಅವಳು ಮನೆಗೆ ಬರುವಷ್ಟರಲ್ಲಿ ಬೀದಿಯ ದರ್ಜಿಗೆ, ಹಾಲಿನವಳಿಗೆ, ಎದುರುಮನೆಯ ಕಿವುಡಜ್ಜನಿಗೂ ಮಾವನ ರಿಪೇರಿ ಗೆದ್ದ ಸಮಾಚಾರ ತಲುಪಿತ್ತು. ಅವಳು ಅತ್ತೆಯನ್ನು ಅಡುಗೆಮನೆಯ ಮೂಲೆಗೆ ಕರೆದು ನಡೆದದ್ದನ್ನೆಲ್ಲ ಪಿಸುಗುಟ್ಟಿದಳು. ಅತ್ತೆ ಸೌಟು ಹಿಡಿದುಕೊಂಡೇ ಮಿಕ್ಸಿಯ ಕಡೆ ನೋಡಿದರು.

"ಒಂದು ವಾರ ಸುಮ್ಮನಿರು" ಎಂದರು. "ಅವರು ಮಿಕ್ಸಿ ಮುಟ್ಟದೆ ನಾಲ್ಕು ದಿನ ಆಯ್ತು."

ಆ ಒಂದು ವಾರ ಮೂರು ತಿಂಗಳಾಯಿತು. ಮಾವ ದಿನಾ ಬೆಳಗ್ಗೆ ಗಡ್ಡ ಹೆರೆದುಕೊಂಡು, ಗಿರಣಿಗೆ ಹೋಗುವವರ ಹಾಗೆ ಎಂಟಕ್ಕೆ ಸರಿಯಾಗಿ ಶೆಡ್ಡು ಸೇರುತ್ತಿದ್ದರು. ದಡದ ಮೀನಿನವರು ತಮ್ಮ ಫ್ಯಾನುಗಳನ್ನು ಹೊತ್ತು ತರಲು ಶುರುಮಾಡಿದರು. ಬಹಳಷ್ಟು ಸಣ್ಣಪುಟ್ಟ ಕೆಲಸಗಳೇ. ಅಂಚು ಉಜ್ಜುವುದು, ಬಾಗಿದ್ದನ್ನು ಮರದ ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡುವುದು. ಅಂಥದ್ದರಲ್ಲಿ ಮಾವನ ಕೈಯನ್ನು ಮೀರಿಸುವವರಿರಲಿಲ್ಲ. ಸೊಸೆ ಪ್ರತಿ ದಿನವೂ ಶೆಡ್ಡಿನ ಮುಂದೆ ಏನು ಬಂದಿದೆಯೆಂದು ಕಣ್ಣು ಹಾಯಿಸಿ, ಬೆಸುಗೆಯ ಕೆಲಸವಿಲ್ಲ ಎಂದು ಖಾತ್ರಿ ಮಾಡಿಕೊಂಡು ದೋಣಿಗಿಳಿಯುತ್ತಿದ್ದಳು. ಇದೊಂದು ಹೊಸ ಉದ್ಯೋಗವಾಯಿತಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬರುತ್ತಿತ್ತು. ಹೇಳಬೇಕಾದ ಮಾತನ್ನು ಹೊತ್ತಿಗೆ ಸರಿಯಾಗಿ ಹೇಳದೆ ಹೋದರೆ, ಆಮೇಲೆ ಅದನ್ನು ಹೇಳುವುದಕ್ಕಿಂತ ಕಾಯುವುದೇ ಹೆಚ್ಚು ದುಡಿತ.

ಆಮೇಲೆ ಅರ್ಜೆಂಟು ಬಂದ.

ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರುಗಳನ್ನು ಆಚೆ ದಡಕ್ಕೆ ಸಾಗಿಸುವ ಆ ಮನುಷ್ಯನನ್ನು ಅವನ ಹೆಂಡತಿಯೂ ಸೇರಿ ಎಲ್ಲರೂ ಅರ್ಜೆಂಟು ಎಂದೇ ಕರೆಯುತ್ತಿದ್ದರು. ಎದುರಿನವರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೊಟ್ಟು ಅರ್ಧ ದಾರಿ ಹೋಗಿರುವವನು. ಅವನ ಫ್ಯಾನಿನ ಒಂದು ರೆಕ್ಕೆ ಬುಡದಲ್ಲೇ ಸೀಳು ಬಿಟ್ಟಿತ್ತು. ಅದು ಶೆಡ್ಡಿಗೆ ಹೋದದ್ದು ಸೊಸೆಗೆ ಗೊತ್ತಾದದ್ದೇ ಅದು ಬಣ್ಣ ಒಣಗಿ ವಾಪಸು ಹೊರಟಾಗ. ಅವಳು ದಡದಲ್ಲಿ ಅವನನ್ನು ಅಡ್ಡಗಟ್ಟಿ, ಇದನ್ನು ಹಾಕಬೇಡ, ಬುಡದ ಬೆಸುಗೆ ನಿಲ್ಲುವುದಿಲ್ಲ, ಹೊಸದು ತಗೋ ಎಂದು ಹೇಳಿದಳು. ಅರ್ಜೆಂಟು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ನಿಮ್ಮ ದೋಣಿ ಹಾರಬೇಕು, ನಮ್ದು ಮಾತ್ರ ತೆವಳ್ತಾ ಇರಬೇಕಾ ಅಕ್ಕ?"

ಅದಕ್ಕೆ ಉತ್ತರ ಒಂದೇ ಇತ್ತು. ಅದು ಅವಳ ನಾಲಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ಮೇಲಿನ ಬೆಂಚಿನಿಂದ ಮಾವ ಕೈಯೆತ್ತಿ, ಮೊದಲು ನಿಧಾನಕ್ಕೆ ಓಡಿಸು, ಆಮೇಲೆ ಜೋರು ಮಾಡು ಎಂದು ಅರ್ಜೆಂಟಿಗೆ ಕೂಗಿ ಹೇಳುತ್ತಿದ್ದರು. ದನಿಯಲ್ಲಿ ಅಷ್ಟು ಖುಷಿಯಿತ್ತು. ಅವಳು ಬಾಯಿ ಮುಚ್ಚಿದಳು. ಅರ್ಜೆಂಟು ಆಗಲೇ ಹೋಗಿಯಾಗಿತ್ತು.

ನಾಲ್ಕನೆಯ ದಿನ ಬೆಳಗ್ಗೆ ಗಾಳಿ ಜೋರಾಗಿತ್ತು. ಸೊಸೆ ಆಚೆ ದಡದಿಂದ ಮೇಷ್ಟ್ರು, ನರ್ಸಮ್ಮ ಸೇರಿ ಒಂಬತ್ತು ಜನರನ್ನು ಕೂರಿಸಿಕೊಂಡು ಬರುತ್ತಿದ್ದಾಗ, ಸುಮಾರು ಇನ್ನೂರು ಮೊಳ ದೂರದಲ್ಲಿ ಅರ್ಜೆಂಟಿನ ದೋಣಿಯಿಂದ ತಗಡಿನ ಡಬ್ಬಕ್ಕೆ ಕಲ್ಲು ಹೊಡೆದಂಥ ಸದ್ದು ಬಂತು. ಅದರ ಹಿಂದೆಯೇ ಎಂಜಿನ್ನು ಕಿರುಚಿ, ಇಡೀ ದೋಣಿ ಜ್ವರ ಬಂದಂತೆ ಅದುರಿತು. ಅವನು ಎಂಜಿನ್ನು ಆರಿಸಿದ. ಆರಿಸಿದೊಡನೆ ಹೊಳೆ ದೋಣಿಯನ್ನು ಅಡ್ಡಡ್ಡ ತಿರುಗಿಸಿ, ಕಟ್ಟುತ್ತ ಅರ್ಧಕ್ಕೇ ಬಿಟ್ಟ ಸೇತುವೆಯ ಕಂಬಗಳ ಕಡೆಗೆ ಎಳೆದುಕೊಂಡು ಹೊರಟಿತು. ದೋಣಿಯಲ್ಲಿ ಅವನ ಹೆಂಡತಿಯೂ ಇದ್ದಳು. ಹಾಲಿನ ಕ್ಯಾನುಗಳ ನಡುವೆ ಎದ್ದು ನಿಂತು, ಕೂಗುವುದನ್ನೂ ಮರೆತು, ಎರಡೂ ಕೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದಳು.

ಸೊಸೆ ದೋಣಿಯನ್ನು ಅತ್ತ ತಿರುಗಿಸಿದಳು. ಮೇಷ್ಟ್ರು ಹಗ್ಗ ಹಿಡಿದು ಮುಂದೆ ಬಂದು ಕೂತರು. ಮೊದಲ ಸಲ ಎಸೆದ ಹಗ್ಗ ನೀರಿಗೆ ಬಿತ್ತು. ಎರಡನೆಯ ಸಲ ಎಸೆಯುವಷ್ಟರಲ್ಲಿ ಅರ್ಜೆಂಟಿನ ದೋಣಿ ಮೊದಲ ಕಂಬಕ್ಕೆ ಪಕ್ಕೆ ಬಡಿದು, ಹೆಂಡತಿ ಕ್ಯಾನಿನ ಮೇಲೆ ಬಿದ್ದಳು. ಮೂರನೆಯ ಸಲ ಹಗ್ಗ ಸಿಕ್ಕಿತು. ಎರಡು ದೋಣಿಗಳ ಭಾರವನ್ನು ಹೊಳೆಗೆ ಎದುರಾಗಿ ಎಳೆಯುವಾಗ ಸೊಸೆಯ ಕೈಯಡಿಯ ಹಿಡಿಕೆ ಒಂದು ಚೂರೂ ನಡುಗಲಿಲ್ಲ.

ದಡ ಸೇರಿದ ಮೇಲೆ ನರ್ಸಮ್ಮ ಆ ಹೆಂಗಸಿನ ಮುಂಗೈ ನೋಡಿ, ಮೂಳೆ ಮುರಿದಿದೆ ಎಂದಳು. ಮೇಷ್ಟ್ರ ಪೇಪರನ್ನು ಸುರುಳಿ ಸುತ್ತಿ, ಅದರ ಮೇಲೆ ತನ್ನ ವೇಲು ಬಿಗಿದು ಕಟ್ಟಿ, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅರ್ಜೆಂಟು ಎರಡೇ ರೆಕ್ಕೆ ಉಳಿದಿದ್ದ ಫ್ಯಾನನ್ನು ಬಿಚ್ಚಿ, ಮೂವತ್ತೆರಡು ಮೆಟ್ಟಿಲು ಹತ್ತಿ, ಶೆಡ್ಡಿಗೆ ಹೋಗಿ ಮಾವನವರ ಮೇಜಿನ ಮೇಲೆ ಇಟ್ಟು ಆಸ್ಪತ್ರೆಗೆ ಹೊರಟ. ಅವನು ಅಷ್ಟು ನಿಧಾನವಾಗಿ ನಡೆದದ್ದನ್ನು ಯಾರೂ ನೋಡಿರಲಿಲ್ಲ.

ಸೊಸೆ ಶೆಡ್ಡಿಗೆ ಬಂದಾಗ ಮಾವ ಮುರಿದ ಬುಡವನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ತಲೆಯೆತ್ತದೆ, ಒಳಗೆ ಹಿಡಿದೇ ಇಲ್ಲ, ಬೆಸುಗೆ ಬರೀ ಮೇಲೆ ಕೂತಿದೆ ಎಂದರು. ಅವಳು, ನೀವು ಬನ್ನಿ, ಊಟ ಮಾಡಿ, ಆಮೇಲೆ ಮಾತಾಡೋಣ ಎಂದಳು. ಅವರಿಗೆ ಅದು ಕೇಳಿಸಲಿಲ್ಲ.

"ನಿನ್ನದಕ್ಕೂ ಇದೇ ಬೆಸುಗೆ ಕಡ್ಡಿ, ಇದೇ ಬೆಂಕಿ ಹಾಕಿದ್ದು" ಎಂದರು. "ಇದು ಹೋಯ್ತು ಅಂದ್ರೆ ಅದೂ ಯಾವತ್ತು ಬೇಕಾದ್ರೂ ಹೋಗುತ್ತೆ. ಬಿಚ್ಚು ಅದನ್ನ. ಹನ್ನೆರಡು ಜನ ಕೂತ್ಕೋತಾರೆ ನಿನ್ನ ದೋಣೀಲಿ."

ನಾಳೆ ಬಿಚ್ಚುತ್ತೇನೆ ಎಂದಳು. ನಾಳೆ ಯಾಕೆ ಎಂದರು. ಎಂಜಿನ್ನು ಬಿಸಿಯಿದೆ ಎಂದಳು. ನೀರಿನಲ್ಲಿರುವ ಫ್ಯಾನಿಗೆ ಎಂಥಾ ಬಿಸಿ ಎಂದರು. ಸುಳ್ಳು ಹೇಳಲು ಒಬ್ಬ ಫಿಟ್ಟರಿಗಿಂತ ಕಷ್ಟದ ಮನುಷ್ಯ ಸಿಗುವುದಿಲ್ಲ. ಅವಳು ಮುಂದಿನ ಸುಳ್ಳು ಹುಡುಕುವಷ್ಟರಲ್ಲಿ ಮಾವ ಗೋಡೆಯ ಮೇಲಿನ ಸ್ಪ್ಯಾನರು ತೆಗೆದುಕೊಂಡು, ಕುಂಟುತ್ತ, ಶೆಡ್ಡು ದಾಟಿ, ಬೆಂಚು ದಾಟಿ, ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದರು.

ಮೂರು ವರ್ಷದಿಂದ ಇಳಿಯದ ಮೆಟ್ಟಿಲು. ಎಡಗಾಲು ಮಡಿಸಲು ಬಾರದೆ ಅವರು ಗೋಡೆಗೆ ಒಂದು ಕೈ ಕೊಟ್ಟು, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಕೂಡಿಸಿಕೊಂಡು ಇಳಿಯತೊಡಗಿದರು. ಸೊಸೆ ಹಿಂದೆಯೇ ಇಳಿದಳು. ನಿಲ್ಲಿ ಮಾವ ಎಂದಳು. ಬೀಳ್ತೀರಿ ಮಾವ ಎಂದಳು. ಮುಂದೆ ಹೋಗಿ ಅಡ್ಡ ನಿಂತರೆ ಅವರು ಪಕ್ಕಕ್ಕೆ ಸರಿದು ಇಳಿದರು. ಕೆಳಗೆ ದೋಣಿ ಕಾಯುತ್ತಿದ್ದ ಐದಾರು ಜನ ತಲೆಯೆತ್ತಿ ನೋಡುತ್ತಿದ್ದರು. ಹದಿನೈದನೆಯ ಮೆಟ್ಟಿಲಿನ ಹೊತ್ತಿಗೆ ಅವರ ಬೆನ್ನಿನ ಅಂಗಿ ಒದ್ದೆಯಾಗಿತ್ತು. ಸೊಸೆಗೆ ಇನ್ನು ತಡೆಯಲಾಗಲಿಲ್ಲ.

"ಮಾವ, ಅದು ನಿಮ್ಮ ಫ್ಯಾನಲ್ಲ."

ಅವರು ನಿಂತರು. ಆಮೇಲೆ ಗೋಡೆ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ಸ್ಪ್ಯಾನರನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಮತ್ತೆ?"

"ಅಂಗಡೀದು. ಹೊಸದು."

"ಯಾವಾಗಿಂದ?"

"ಅವತ್ತಿಂದಲೇ."

ಅವರು ಹೊಳೆಯ ಕಡೆ ನೋಡುತ್ತ ಕುಳಿತರು. ಸೊಸೆ ಎರಡು ಮೆಟ್ಟಿಲು ಕೆಳಗೆ, ಗೋಡೆಗೆ ಒರಗಿ ನಿಂತಳು. ಮೇಲೆ ಹೋಗಲೂ ಕಷ್ಟ, ಕೆಳಗೆ ಹೋಗಿ ಉಪಯೋಗವಿಲ್ಲ ಎನ್ನುವ ಜಾಗದಲ್ಲಿ ಇಬ್ಬರೂ ಸಿಕ್ಕಿಬಿದ್ದಿದ್ದರು. ಅವಳು ಇಷ್ಟು ದಿನ ಹೆದರಿದ್ದು ಅವರ ಮುಖ ಬಾಡಿಹೋಗುತ್ತದೆ ಎಂದು. ಬಾಡಲಿಲ್ಲ. ಬದಲು, ಅವಳು ಆ ಮನೆಗೆ ಬಂದ ಮೇಲೆ ಒಂದು ದಿನವೂ ಕಾಣದಿದ್ದ ಸಿಟ್ಟು ಅದರ ಮೇಲೆ ನಿಧಾನವಾಗಿ ಏರುತ್ತಿತ್ತು.

"ನಿಮ್ಮ ಕೆಲಸ ಕೆಟ್ಟಿದೆ ಅಂತ ನೀನು ಅಂದಿದ್ರೆ ನಾನೇನು ಸಾಯ್ತಿರಲಿಲ್ಲ" ಎಂದರು. "ಆ ಹುಡುಗಿ ಸಾಯ್ತಿದ್ಲು."

ಅಲ್ಲಿಗೆ ಸೊಸೆಯ ಪಿತ್ತವೂ ನೆತ್ತಿಗೇರಿತು. ಮೂರು ತಿಂಗಳಿನದ್ದಲ್ಲ, ಆರು ರಿಪೇರಿಗಳದ್ದು, ಪೊರಕೆಯ ಕೋಲಿನದ್ದು, ಕೊಡೆ, ಗಡಿಯಾರ, ಮಿಕ್ಸಿಯದ್ದು ಎಲ್ಲ ಒಟ್ಟಿಗೆ ಬಂತು. ಕೆಳಗಿನ ಜನ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದೂ ಅವಳಿಗೆ ನೆನಪಾಗಲಿಲ್ಲ.

"ಹೇಳಿದ್ದೆ ಮಾವ. ಐದು ಸಲ ಬಾಗಿಲಲ್ಲಿ ನಿಂತು ಹೇಳಿದ್ದೆ. ನಡುಗುತ್ತೆ ಅಂದ್ರೆ ಪೆಟ್ರೋಲು ಅಂದ್ರಿ, ಜನ ಅಂದ್ರಿ, ನನ್ನ ಕೈ ಅಂದ್ರಿ. ಹತ್ತು ವರ್ಷದಿಂದ ಹೊಳೇಲಿರೋಳ ಕೈಗೆ ಪೊರಕೆ ಕೊಟ್ರಿ. ಇನ್ನು ಹೆಂಗೆ ಹೇಳಬೇಕಿತ್ತು?"

"ಸ್ವಲ್ಪ ನಡುಗುತ್ತೆ ಅಂದೆ" ಎಂದರು ಮಾವ. "ಐದು ಸಲಾನೂ ಸ್ವಲ್ಪ ಅಂದೆ. ಗಿರಣೀಲಿ ಮಿಷನ್ನು ಸ್ವಲ್ಪ ನಡುಗುತ್ತೆ ಅಂತ ಯಾರಾದ್ರೂ ಬಂದ್ರೆ ನಾವು ಎಣ್ಣೆ ಬಿಟ್ಟು ಕಳಿಸ್ತಿದ್ವಿ. ಕೈ ಹೋಗುತ್ತೆ ಬನ್ನಿ ಅಂದ್ರೆ ಓಡ್ತಿದ್ವಿ."

ಅಷ್ಟರಲ್ಲಿ ಆಸ್ಪತ್ರೆಯಿಂದ ಸುದ್ದಿ ತಿಳಿದು ಓಡಿ ಬಂದ ಗಂಡ ಮೇಲಿನ ಮೆಟ್ಟಿಲಲ್ಲಿ ನಿಂತು, ಏನಾಯ್ತು, ಅಪ್ಪನ್ನ ಮೇಲೆ ಕರ್ಕೊಂಡು ಬರ್ಲಾ, ಕೆಳಗೆ ಕರ್ಕೊಂಡು ಹೋಗ್ಲಾ ಎಂದು ಕೇಳುತ್ತಿದ್ದ. ಇಬ್ಬರೂ ಒಟ್ಟಿಗೆ ತಿರುಗಿ ಅವನನ್ನು ನೋಡಿದ ನೋಟಕ್ಕೆ ಅವನು ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದೆ ಸರಿದ. ಮಾವ ಯಾರ ಕೈಯನ್ನೂ ಹಿಡಿಯಲಿಲ್ಲ. ಕುಳಿತಲ್ಲಿಂದಲೇ ಹಿಮ್ಮುಖವಾಗಿ, ಕೈಯೂರಿ, ಒಂದೊಂದೇ ಮೆಟ್ಟಿಲು ಸರಿಯುತ್ತ ಮೇಲೆ ಹೋದರು. ಹದಿನೈದು ಮೆಟ್ಟಿಲಿಗೆ ಕಾಲು ಗಂಟೆ ಹಿಡಿಯಿತು. ಸೊಸೆ ಸ್ಪ್ಯಾನರು ಹಿಡಿದು ಅವರ ಜೊತೆಯೇ ಹತ್ತಿದಳು.

ಸಂಜೆ ಮಾವ ಶಾಲೆಗೆ ಹೊರಟ ಮಗುವಿನ ಹಾಗೆ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅರ್ಜೆಂಟಿನ ಮನೆಗೆ ಹೋದರು. ನೀನೂ ಬಾ ಎಂದು ಸೊಸೆಗೆ ಹೇಳಿದರು. ಅವನ ಮನೆಯ ಒಂದೇ ಕೋಣೆಯಲ್ಲಿ ಹೆಂಡತಿ ಕೈಗೆ ಬಿಳಿ ಕಟ್ಟು ಹಾಕಿಸಿಕೊಂಡು ಮಂಚದ ಮೇಲೆ ಕುಳಿತಿದ್ದಳು. ಮಾವ ಬಾಗಿಲಲ್ಲೇ ನಿಂತು, ಕೂರಿ ಎಂದರೂ ಕೂರದೆ, ಬೆಸುಗೆ ತಪ್ಪಾಗಿತ್ತು, ತಪ್ಪು ನನ್ನದು ಎಂದು ಹೇಳಿದರು. ಅರ್ಜೆಂಟು, ಹೊಳೆಯಲ್ಲಿ ಏನೋ ಬಡಿದಿರಬೇಕು ಬಿಡಿ ಎಂದು ಅವರ ಮಾತನ್ನು ಅರ್ಧಕ್ಕೇ ಮುಗಿಸಲು ಹೋದ. ಮಾವ ಬಿಡಲಿಲ್ಲ. ಏನೂ ಬಡಿದಿಲ್ಲ, ಬುಡ ನೋಡಿದ್ದೇನೆ ಎಂದು, ಲೋಹ ಎಲ್ಲಿ ಹಿಡಿದಿಲ್ಲ, ಯಾಕೆ ಹಿಡಿದಿಲ್ಲ ಎಂಬುದನ್ನೆಲ್ಲ ಕೈಸನ್ನೆ ಮಾಡಿ ವಿವರಿಸಿದರು. ಅಷ್ಟು ವಿವರ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಸೊಸೆ ಹಿಂದಿನಿಂದ ಅವರ ಅಂಗಿಯ ತುದಿ ಜಗ್ಗಿದಳು, ಅವರು ನಿಲ್ಲಿಸಲಿಲ್ಲ.

ಆಮೇಲೆ ತನ್ನ ಸರದಿ ಎಂದು ಸೊಸೆಯೂ ಹೇಳಿದಳು, ತನ್ನ ದೋಣಿ ಹಾರುತ್ತಿದ್ದದ್ದು ಯಾಕೆಂದು. ಅರ್ಜೆಂಟು ಬಾಯಿ ತೆರೆದವನು ಮುಚ್ಚಿಕೊಂಡ. ಮಾತಾಡಿದ್ದು ಅವನ ಹೆಂಡತಿ.

"ಹಾಕಬೇಡ ಅಂತ ನೀವು ಹೇಳಿದ್ರಂತೆ, ಇವ್ರು ಕೇಳಲಿಲ್ಲವಂತೆ. ಇವ್ರು ಯಾರ ಮಾತು ಕೇಳ್ತಾರೆ ಅಕ್ಕ? ಪೂರ್ತಿ ಹೇಳಬೇಕಿತ್ತು ನೀವು" ಎಂದಳು.

ವಾಪಸು ಬರುವಾಗ ಮಾವನೂ ಸೊಸೆಯೂ ಬೀದಿಯ ಎರಡು ಅಂಚಿನಲ್ಲಿ ನಡೆದರು. ಒಂದು ವಾರ ಮನೆಯಲ್ಲಿ ಇಬ್ಬರ ನಡುವೆ ಮಾತಿರಲಿಲ್ಲ. ಬೇಕಾದದ್ದನ್ನೆಲ್ಲ ಅತ್ತೆಯ ಮೂಲಕ ಕೇಳುತ್ತಿದ್ದರು. ಒಂದೇ ಕೋಣೆಯಲ್ಲಿ ಕುಳಿತು, ಅವಳಿಗೆ ನೀರು ಬೇಕಾ ಕೇಳು, ಅವರಿಗೆ ಸಾಕು ಅಂತ ಹೇಳಿ ಎನ್ನುತ್ತಿದ್ದ ಆ ಮಾತುಗಳನ್ನು ಸಾಗಿಸಿ ಸಾಗಿಸಿ ಅತ್ತೆಗೆ ಸಾಕಾಗಿ, ನಿಮ್ಮಿಬ್ಬರ ನಡುವೆ ನಾನೇನು ದೋಣಿಯಾ ಎಂದು ಕೇಳಿ ಪಕ್ಕದ ಮನೆಗೆ ಹೋಗಿ ಕುಳಿತರು. ಆ ವಾರ ಶೆಡ್ಡಿನ ಬಾಗಿಲು ಮುಚ್ಚಿತ್ತು. ಫ್ಯಾನು ಹೊತ್ತು ಬಂದವರಿಗೆ ಮಾವ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಇದನ್ನು ಉಜ್ಜಿದರೆ ಸಾಕು ಎಂದೋ, ಇದನ್ನು ಗುಜರಿಗೆ ಹಾಕು ಎಂದೋ ಹೇಳಿ ಕಳಿಸುತ್ತಿದ್ದರು. ಗುಜರಿಗೆ ಎನ್ನುವಾಗ ಅವರ ಮುಖ ಕಷಾಯ ಕುಡಿದವರ ಹಾಗೆ ಆಗುತ್ತಿತ್ತು.

ಎಂಟನೆಯ ದಿನ ಬೆಳಗ್ಗೆ ಸೊಸೆ ಮೊದಲ ದೋಣಿಗೆ ಹೊರಟಾಗ ಮಾವ ಬೆಂಚಿನ ಮೇಲಿರಲಿಲ್ಲ. ಕೆಳಗೆ ನೋಡಿದರೆ, ಅರ್ಜೆಂಟಿನ ದೋಣಿಯ ಹಿಂಬದಿಯಲ್ಲಿ, ಮಂಡಿಯುದ್ದದ ನೀರಿನಲ್ಲಿ ನಿಂತಿದ್ದರು. ಯಾವಾಗ ಇಳಿದರೋ, ಹೇಗೆ ಇಳಿದರೋ, ಯಾರಿಗೂ ಗೊತ್ತಿಲ್ಲ. ಪಕ್ಕದ ಮೆಟ್ಟಿಲ ಮೇಲೆ ಪೇಟೆಯ ಅಂಗಡಿಯ ಡಬ್ಬವೊಂದು ಬಿಚ್ಚಿಕೊಂಡು ಬಿದ್ದಿತ್ತು. ಅರ್ಜೆಂಟು ದೋಣಿಯೊಳಗೆ ಕುಳಿತು, ನಾನು ಎರಡು ನಿಮಿಷದಲ್ಲಿ ಹಾಕ್ತೀನಿ ಕೊಡಿ ಎಂದು ಅರ್ಧ ಗಂಟೆಯಿಂದ ಹೇಳುತ್ತಿದ್ದನಂತೆ. ಮಾವ ಅವನಿಗೆ ಕೊಟ್ಟಿರಲಿಲ್ಲ. ಹೊಸ ಫ್ಯಾನಿನ ಒಳಗನ್ನು ಬೆರಳಿನಿಂದ ಸವರಿ, ಅದು ಕೂರುವ ಎಂಜಿನ್ನಿನ ಶಾಫ್ಟಿಗೆ ಗ್ರೀಸು ಬಳಿದು, ಒರೆಸಿ, ಮತ್ತೆ ಬಳಿದು, ಫ್ಯಾನನ್ನು ಏರಿಸಿ, ಬಿಚ್ಚಿ, ಮತ್ತೆ ಏರಿಸಿ, ಅಂತೂ ನಟ್ಟು ಬಿಗಿಯುವ ತನಕ ಬಂದಿದ್ದರು.

ಪಕ್ಕದಲ್ಲೇ ಕಟ್ಟಿದ್ದ ಸೊಸೆಯ ದೋಣಿಯಲ್ಲಿ ಜನ ಆಗಲೇ ತುಂಬಿದ್ದರು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ನರ್ಸಮ್ಮ ಗಡಿಯಾರ ನೋಡಿಕೊಂಡು, ಹೊತ್ತಾಯ್ತು ಕಣೆ ಎಂದು ಕೂಗಿದಳು. ಸೊಸೆ ಬಂದೆ ಎಂದಳು, ಆದರೆ ಹೋಗಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು ನೀರಿಗಿಳಿದು, ಮಾವನ ಹಿಂದೆ ನಿಂತಳು. ನೀರು ತಣ್ಣಗಿತ್ತು. ಈ ಮಂಡಿಗೆ ಇಷ್ಟು ತಣ್ಣನೆಯ ನೀರು ಒಳ್ಳೆಯದಲ್ಲ ಎಂದು ಹೇಳಬೇಕೆನಿಸಿತು. ಹೇಳಿದರೆ ಇನ್ನೂ ಹತ್ತು ನಿಮಿಷ ನಿಲ್ಲುತ್ತಾರೆಂದು ಸುಮ್ಮನಾದಳು.

ಮಾವ ನಟ್ಟನ್ನು ಕೊನೆಯ ಸುತ್ತು ಬಿಗಿದು, ತಿರುಗಿ ನೋಡದೆ, ಬಲಗೈಯನ್ನು ಹಿಂದಕ್ಕೆ ಚಾಚಿದರು. ನಟ್ಟು ಕಳಚದಂತೆ ಹಾಕುವ ಸಣ್ಣ ಪಿನ್ನು ಬೇಕೆಂದು ಅವರು ಹೇಳಬೇಕಾಗಿರಲಿಲ್ಲ. ದೋಣಿಯ ಅಂಚಿನ ಮೇಲೆ, ಹಳೆಯ ಫ್ಯಾನಿನಿಂದ ಬಿಚ್ಚಿಟ್ಟ ಪಿನ್ನು ಇತ್ತು. ಸೊಸೆ ಅದನ್ನೇ ತೆಗೆದು, ಅದರ ಬಾಗಿದ ಎರಡು ಕಾಲುಗಳನ್ನು ಹಲ್ಲಿನಿಂದ ಕಚ್ಚಿ ನೇರಮಾಡಿ, ಅವರ ಅಂಗೈಯಲ್ಲಿಟ್ಟಳು.

ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ಆ ಕಡೆ ಈ ಕಡೆ ಹೊರಳಿಸಿ ನೋಡಿದರು.

"ಇದು ಒಂದ್ಸಲ ಬಾಗಿದೆ" ಎಂದರು. "ಹೊಸದು ಕೊಡು."

ನರ್ಸಮ್ಮ ಇನ್ನೊಮ್ಮೆ ಕೂಗಿದಳು. ಸೊಸೆ ಡಬ್ಬದೊಳಗೆ ಕೈ ಹಾಕಿ ತಡಕಿದಳು. ತಳದಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಕವರೊಂದು ಸಿಕ್ಕಿತು. ಒದ್ದೆ ಕೈಗೆ ಅದು ಹರಿಯಲಿಲ್ಲ. ಮಾವ ಚಾಚಿದ ಕೈಯನ್ನು ಹಾಗೆಯೇ ಹಿಡಿದು ಕಾಯುತ್ತಿದ್ದರು. ಅವಳು ಕವರಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು.